ಸಾಧು ಕುದುರೆ ಮಾರಾಟಕ್ಕಿದೆ

ಬಣ್ಣಕ್ಕೆ ಬೆಲೆ, ಎತ್ತರಕ್ಕೆ ಬೆಲೆ, ಓಟಕ್ಕಂತೂ ಲಕ್ಷ–ಕೋಟಿಗಳ ಬೆಲೆ. ಆದರೆ ಹೊಸ ಸವಾರನನ್ನೂ ಪುಟ್ಟ ಮಗುವನ್ನೂ ಬೆನ್ನ ಮೇಲೆ ಹೊತ್ತು ಬೆದರದೆ ನಡೆಯುವ ಗುಣವನ್ನು ಸಂತೆಯಲ್ಲಿ ಅಳೆಯುವುದು ಹೇಗೆ? ಕುದುರೆ ಸಂತೆಗಳ ಈ ಋತುವಿನಲ್ಲಿ ಸವಾರಿ ಕುದುರೆ ಕೊಳ್ಳಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

1956ರ ಫೆಬ್ರುವರಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನ್ಯೂ ಹಾಲೆಂಡ್ ಎಂಬ ಊರಿನಲ್ಲಿ ವಾರದ ಕುದುರೆ ಹರಾಜು ಮುಗಿದಿತ್ತು. ಒಳ್ಳೆಯ ಕುದುರೆಗಳೆಲ್ಲ ಹೊಸ ಯಜಮಾನರ ಜೊತೆ ಹೊರಟುಹೋಗಿದ್ದವು. ಯಾರೂ ಕೊಳ್ಳದೆ ಉಳಿದವನ್ನು ಕಸಾಯಿಖಾನೆಯ ಲಾರಿಗೆ ಹತ್ತಿಸಿಯಾಗಿತ್ತು.

ಅಷ್ಟರಲ್ಲಿ ಬಂದವರು ಹ್ಯಾರಿ ಡಿ ಲೇಯರ್. ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ತಡವಾಗಿತ್ತು. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ, 1950ರಲ್ಲಿ ಅಮೆರಿಕಕ್ಕೆ ವಲಸೆ ಬಂದಿದ್ದ ಅವರು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನ ನಾಕ್ಸ್ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಸವಾರಿ ಕಲಿಸುತ್ತಿದ್ದರು. ಅವರಿಗೆ ಬೇಕಿದ್ದದ್ದು ಪಾಠಕ್ಕೆ ಒದಗುವ ಒಂದು ಸಾಧು ಕುದುರೆ. ಕೈಯಲ್ಲಿದ್ದ ಹಣ ಬಹಳ ಕಡಿಮೆ.

ಲಾರಿಯ ಪಟ್ಟಿಗಳ ಸಂದಿಯಿಂದ ಇಣುಕಿದರು. ಒಳಗೆ ಕುದುರೆಗಳು ಒಂದನ್ನೊಂದು ನೂಕಾಡುತ್ತಿದ್ದವು. ನಡುವೆ ಒಂದು ದೊಡ್ಡ ಬೂದು ಬಣ್ಣದ ಗಂಡು ಮಾತ್ರ ಗಲಾಟೆ ಮಾಡದೆ ನಿಂತು ಅವರನ್ನೇ ನೋಡುತ್ತಿತ್ತು. ಎದೆಯ ಮೇಲೆ ನೇಗಿಲು ಎಳೆದು ಕೂದಲುದುರಿದ ಗುರುತು, ಮೊಣಕಾಲಲ್ಲಿ ಗಾಯ, ಆರೈಕೆ ಕಾಣದ ಗೊರಸು. ವಯಸ್ಸು ಸುಮಾರು ಎಂಟು. ಕುದುರೆಯನ್ನು ಕೆಳಗಿಳಿಸಲು ಹೇಳಿದರು. 80 ಡಾಲರ್‌ಗೆ ವ್ಯಾಪಾರ ಕುದುರಿತು.

ಮನೆಗೆ ಬಂದು ಲಾರಿಯಿಂದ ಇಳಿದ ಕುದುರೆಯ ಮೈಮೇಲೆ ಹಿಮ ಬಿದ್ದಿತ್ತು. ಹ್ಯಾರಿಯ ಮಕ್ಕಳು ಅದಕ್ಕೆ ಸ್ನೋಮ್ಯಾನ್ ಎಂದು ಹೆಸರಿಟ್ಟರು.

ಮಾರಿದರೂ ಮರಳಿ ಬಂತು

ಸ್ನೋಮ್ಯಾನ್ ಬಂದ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಮೊದಲ ಸಲ ಜೀನಿನ ಮೇಲೆ ಕೂತು ನಡುಗುವ ಹುಡುಗಿಯರನ್ನು ಹೊತ್ತು ಸಮಾಧಾನದಿಂದ ಸುತ್ತು ಹಾಕಿತು. ಬೇಸಿಗೆ ರಜೆ ಬಂತು. ಶಾಲೆಯಲ್ಲಿ ಪಾಠವಿಲ್ಲ, ಮೇವಿನ ಖರ್ಚು ನಿಲ್ಲುವುದಿಲ್ಲ. ಹತ್ತಿರದಲ್ಲೇ ಇದ್ದ ವೈದ್ಯರೊಬ್ಬರು ಸಾಧು ಕುದುರೆಯೊಂದನ್ನು ಹುಡುಕುತ್ತಿದ್ದರು. ಹ್ಯಾರಿ 160 ಡಾಲರ್‌ಗೆ ಸ್ನೋಮ್ಯಾನನ್ನು ಮಾರಿಬಿಟ್ಟರು.

ಕೆಲವೇ ದಿನಗಳಲ್ಲಿ ಕುದುರೆ ಹ್ಯಾರಿಯ ಲಾಯದ ಮುಂದೆ ಬಂದು ನಿಂತಿತ್ತು. ವೈದ್ಯರು ಕರೆದೊಯ್ದರು, ಮತ್ತೆ ಬಂತು. ಬೇಲಿ ಎತ್ತರಿಸಿದರು, ಅದನ್ನೂ ಹಾರಿತು. ಹಗ್ಗಕ್ಕೆ ಟೈರ್ ಕಟ್ಟಿದರು, ಆ ಭಾರವನ್ನು ಎಳೆದುಕೊಂಡೇ ಬಂತು. ಹಾರಲು ಯಾರೂ ಕಲಿಸದ ನೇಗಿಲ ಕುದುರೆ ಆಳೆತ್ತರದ ಬೇಲಿಗಳನ್ನು ದಾಟುತ್ತಿದೆ ಎಂದು ಹ್ಯಾರಿಗೆ ಅರಿವಾದದ್ದು ಆಗ. ಕುದುರೆಯನ್ನು ವಾಪಸು ಕೊಂಡರು. ಇನ್ನು ಮಾರುವುದಿಲ್ಲ ಎಂದು ನಿರ್ಧರಿಸಿದರು.

ಎರಡು ವರ್ಷ ಪಳಗಿಸಿದ ಮೇಲೆ, 1958ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ರಾಷ್ಟ್ರೀಯ ಕುದುರೆ ಪ್ರದರ್ಶನದಲ್ಲಿ ಸ್ನೋಮ್ಯಾನ್ ಜಿಗಿತದ ಚಾಂಪಿಯನ್ ಆಯಿತು. ಶ್ರೀಮಂತರ ಬೆಲೆಬಾಳುವ ಕುದುರೆಗಳು ಹಿಂದೆ ಉಳಿದವು. ಆ ವರ್ಷದ ಶ್ರೇಷ್ಠ ಕುದುರೆ ಎಂಬ ಗೌರವವೂ ಬಂತು. 1959ರಲ್ಲಿ ಮತ್ತೆ ಗೆದ್ದಿತು. ಭಾರಿ ಮೊತ್ತ ಹಿಡಿದು ಬಂದ ಗಿರಾಕಿಗಳಿಗೆ ಹ್ಯಾರಿ ಒಪ್ಪಲಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಗೆಲುವಿನ ಹತ್ತಿರ ನಿಲ್ಲಿಸುತ್ತಾರೆ. ಆದರೆ ಕುದುರೆ ಬಲ್ಲವರಿಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಚಾಂಪಿಯನ್ ಆದ ಮೇಲೂ ಸ್ನೋಮ್ಯಾನ್ ಮಕ್ಕಳ ಕುದುರೆಯಾಗಿಯೇ ಉಳಿಯಿತು. ಹ್ಯಾರಿಯ ಮಕ್ಕಳು ಸಾಲಾಗಿ ಅದರ ಬೆನ್ನ ಮೇಲೆ ಕೂತ ಚಿತ್ರಗಳಿವೆ. ಅದರ ಜೊತೆ ನೀರಿಗಿಳಿದು ಈಜಿದ ಚಿತ್ರಗಳಿವೆ. ಸಾವಿರಾರು ಜನರ ಕೂಗಿನ ನಡುವೆ ತೂಗುದೀಪಗಳ ಕೆಳಗೆ ಹಾರಬಲ್ಲ ಕುದುರೆ, ಮನೆಯ ಅಂಗಳದಲ್ಲಿ ಮಗು ಕಾಲ ಸಂದಿಯಲ್ಲಿ ನುಸುಳಿದರೂ ಅಲುಗಾಡದೆ ನಿಲ್ಲುತ್ತಿತ್ತು.

1974ರಲ್ಲಿ ಅದು ತೀರಿಕೊಂಡಿತು. 1992ರಲ್ಲಿ ಅಮೆರಿಕದ ಜಿಗಿತ ಕ್ರೀಡೆಯ ಗೌರವ ಪಟ್ಟಿಗೆ ಸೇರಿತು. ಎಲಿಜಬೆತ್ ಲೆಟ್ಸ್ 2011ರಲ್ಲಿ ಬರೆದ ಪುಸ್ತಕ ಅದನ್ನು ಹೊಸ ಪೀಳಿಗೆಗೆ ಪರಿಚಯಿಸಿತು.

ಸಂತೆಯಲ್ಲಿ ನೂರಾರು ಕಣ್ಣುಗಳು ಆ ಕುದುರೆಯನ್ನು ನೋಡಿದ್ದವು. ಎಲ್ಲರಿಗೂ ಕಂಡದ್ದು ಗಾಯ ಮತ್ತು ವಯಸ್ಸು. ಅದರ ಸ್ವಭಾವವನ್ನು ನೋಡಿದ್ದು ಒಬ್ಬರೇ.

ಸುಳಿ ನೋಡಿ, ಕಿವಿ ನೋಡಿ

ನಮ್ಮಲ್ಲಿ ಕುದುರೆ ಸಂತೆಗಳು ಸೇರುವುದು ಚಳಿಗಾಲದಲ್ಲಿ. ಕಾರ್ತಿಕ ಹುಣ್ಣಿಮೆಗೆ ರಾಜಸ್ಥಾನದ ಪುಷ್ಕರ. ಮಾರ್ಗಶಿರದ ದತ್ತ ಜಯಂತಿಗೆ ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯಲ್ಲಿ, ತಾಪಿ ನದಿಯ ದಂಡೆಯ ಸಾರಂಗಖೇಡ. ಸಂಕ್ರಾಂತಿಯ ಹೊತ್ತಿಗೆ ಪಂಜಾಬಿನ ಮುಕ್ತಸರ.

ಈ ಸಂತೆಗಳಲ್ಲಿ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ. ಮದುವೆ ಮೆರವಣಿಗೆಗೆ ಬೇಕಾದ ಹಾಲುಬಿಳುಪಿನ ನುಕ್ರಾ ಕುದುರೆಗೆ ಸದಾ ಬೇಡಿಕೆ. ಮಾರವಾಡಿ ಕುದುರೆಯ ಕಿವಿಗಳು ಒಳಬಾಗಿ ತುದಿಗೆ ತುದಿ ತಾಗಬೇಕು. ಬೆನ್ನ ಮೇಲಿನ ಸವಾರ ಕುಲುಕದಂತೆ ಸಾಗುವ ರೇವಾಲ ನಡಿಗೆ ಇದ್ದರೆ ಬೆಲೆ ಏರುತ್ತದೆ.

ಆಮೇಲೆ ಸುಳಿ. ಕೊರಳಿನ ಸುಳಿಗೆ ದೇವಮಣಿ ಎಂದು ಹೆಸರು, ಅದು ಶುಭ. ಕಣ್ಣಿನ ಕೆಳಗೆ ಸುಳಿ ಇದ್ದರೆ ಅಶುಭವೆಂದು ಒಳ್ಳೆಯ ಕುದುರೆಯನ್ನೂ ಬಿಟ್ಟು ಹೋಗುವವರಿದ್ದಾರೆ. ಸುಳಿಗೂ ಸ್ವಭಾವಕ್ಕೂ ನಂಟಿದೆಯೇ ಎಂದು ವಿಜ್ಞಾನಿಗಳೂ ಹುಡುಕಿದ್ದಾರೆ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ 1995ರಲ್ಲಿ ದನಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಹಣೆಯ ಸುಳಿ ಕಣ್ಣಿಗಿಂತ ಮೇಲಿದ್ದ ದನಗಳು ಕಟ್ಟಿಹಾಕಿದಾಗ ಹೆಚ್ಚು ಚಡಪಡಿಸಿದ್ದು ಕಂಡಿತು. ಕುತೂಹಲ ಹುಟ್ಟಿಸುವ ಸಂಗತಿ ನಿಜ. ಆದರೆ ಹಿಂಡಿನ ಸರಾಸರಿಯ ಮಾತು ಎದುರಿಗೆ ನಿಂತ ಒಂದು ಕುದುರೆಯ ಬಗ್ಗೆ ಭರವಸೆ ಕೊಡಲಾರದು.

ಕೊನೆಗೆ ದಲ್ಲಾಳಿಯ ಟವೆಲ್ಲಿನ ಕೆಳಗೆ ಕೈ ಕೈ ಸೇರುತ್ತದೆ. ಬೆರಳು ಹಿಡಿದು ಬೆಲೆ ಹೇಳುವ, ಒತ್ತಿ ಒಪ್ಪುವ ಆಟ ನಮ್ಮ ದನದ ಜಾತ್ರೆಗಳಲ್ಲೂ ಇದೆ. ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿದಿರುತ್ತದೆ: ನಾಳೆ ಬೆಳಿಗ್ಗೆ ಈ ಕುದುರೆಯ ಮೇಲೆ ಹನ್ನೆರಡು ವರ್ಷದ ಮಗಳನ್ನು ಕೂರಿಸಬಹುದೇ?

■ ಬಾಕ್ಸ್: ನಮ್ಮ ನೆಲದ ಕುದುರೆ ವ್ಯಾಪಾರ

• ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್, ಅರಸರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರು ಎಂದು ಬರೆದಿದ್ದಾನೆ. ಅರಬ್ ಮತ್ತು ಪರ್ಷಿಯನ್ ಕುದುರೆಗಳು ಭಟ್ಕಳ, ಗೋವಾ ಬಂದರುಗಳಲ್ಲಿ ಇಳಿಯುತ್ತಿದ್ದವು.

• ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಅರಸ ಸಾಳುವ ನರಸಿಂಹ ಪೂರ್ತಿ ಬೆಲೆ ಕೊಡುತ್ತಿದ್ದನೆಂದೂ ನ್ಯೂನಿಜ್ ಹೇಳುತ್ತಾನೆ. ವ್ಯಾಪಾರಿಗಳು ಬೇರೆ ರಾಜ್ಯಗಳತ್ತ ತಿರುಗದಿರಲಿ ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

• ಹಂಪಿಯ ಮಹಾನವಮಿ ದಿಬ್ಬದ ಕೆತ್ತನೆಗಳಲ್ಲಿ ಕುದುರೆ ಹಿಡಿದು ನಡೆಯುವ ಪರದೇಶಿ ವ್ಯಾಪಾರಿಗಳನ್ನು ಇಂದಿಗೂ ನೋಡಬಹುದು.

• ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣ, ಪಳಗಿಸುವ ಬಗೆ, ಕುದುರೆ ಏರಿ ಆಡುವ ಚೆಂಡಾಟದ ವಿವರಗಳಿವೆ.

ಬೆದರುವುದು ಅದರ ಹುಟ್ಟುಗುಣ

ಕುದುರೆ ಬಯಲಿನ ಪ್ರಾಣಿ. ಹುಲಿ, ತೋಳಗಳಿಗೆ ಆಹಾರವಾಗದೆ ಬದುಕಲು ಅದಕ್ಕಿದ್ದ ದಾರಿ ಒಂದೇ, ಮೊದಲು ಓಡುವುದು, ಆಮೇಲೆ ತಿರುಗಿ ನೋಡುವುದು. ನೆಲದ ಮೇಲಿನ ಸಸ್ತನಿಗಳಲ್ಲೇ ಅತಿ ದೊಡ್ಡ ಕಣ್ಣುಗಳ ಸಾಲಿಗೆ ಸೇರುವ ಅದರ ಕಣ್ಣುಗಳು ತಲೆಯ ಎರಡು ಬದಿಯಲ್ಲಿವೆ. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಒಂದಿಷ್ಟು ಜಾಗ ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲವೂ ಅದರ ಪಾಲಿಗೆ ಪ್ರಾಣಾಪಾಯವಾಗಬಲ್ಲದು.

ಹೀಗಿರುವ ಪ್ರಾಣಿ ಬಸ್ಸಿನ ಹಾರ್ನಿಗೆ, ಪಟಾಕಿಗೆ, ಮಕ್ಕಳ ಕಿರುಚಾಟಕ್ಕೆ ಬೆದರದೆ ನಿಲ್ಲುತ್ತದೆ ಎಂದರೆ ಅದರ ಹಿಂದೆ ಯಾರದೋ ತಿಂಗಳುಗಟ್ಟಲೆಯ ತಾಳ್ಮೆಯ ದುಡಿಮೆ ಇರುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ದಸರೆಗೆ ಮುಂಚಿನ ಮೈಸೂರಿಗೆ ಹೋಗಬೇಕು. ಜಂಬೂ ಸವಾರಿಯ ದಿನ 21 ಕುಶಾಲತೋಪು ಹಾರುತ್ತವೆ. ಆ ಸದ್ದಿಗೆ ಆನೆಗಳೂ ಅಶ್ವಾರೋಹಿ ದಳದ ಕುದುರೆಗಳೂ ಬೆದರಬಾರದೆಂದು ವಾರಗಳ ಮೊದಲೇ ಫಿರಂಗಿ ತಾಲೀಮು ಶುರುವಾಗುತ್ತದೆ. ಮೊದಲ ದಿನ ಕುದುರೆಗಳು ಕಿವಿ ನಿಮಿರಿಸಿ ಹಿಂದೆ ಸರಿಯುತ್ತವೆ, ಕೆಲವು ಮುಂಗಾಲೆತ್ತುತ್ತವೆ. ಮತ್ತೆ ಮತ್ತೆ ಕೇಳಿಸಿದಂತೆ, ಸದ್ದಿನಿಂದ ತಮಗೇನೂ ಆಗುವುದಿಲ್ಲ ಎಂದು ತಿಳಿದಂತೆ ಹೆದರಿಕೆ ಇಳಿಯುತ್ತದೆ. ಲಕ್ಷಾಂತರ ಜನರ ನಡುವೆ ಅವು ಸಾಲು ತಪ್ಪದೆ ನಡೆಯುವುದು ಆ ತಾಲೀಮಿನ ಫಲ.

ಸವಾರನ ಪಾಲೂ ಇದರಲ್ಲಿದೆ. ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯದ ಲಿಂಡಾ ಕೀಲಿಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಸವಾರರು ಒಂದೇ ದಾರಿಯಲ್ಲಿ ಕೆಲವು ಸಲ ಹೋಗಿ ಬಂದರು. ಕೊನೆಯ ಸಲ, ಕುದುರೆ ಹಾದುಹೋಗುವಾಗ ಕೊಡೆಯೊಂದನ್ನು ಬಿಚ್ಚುತ್ತೇವೆ ಎಂದು ಅವರಿಗೆ ತಿಳಿಸಲಾಯಿತು. ಕೊಡೆ ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತ ಏರಿತು, ಜೊತೆಗೇ ಕುದುರೆಗಳದ್ದೂ ಏರಿತು. ಕುದುರೆಗೆ ಕೊಡೆಯ ವಿಷಯ ಗೊತ್ತಿರಲಿಲ್ಲ. ಬೆನ್ನ ಮೇಲಿದ್ದವರ ಭಯ ಮಾತ್ರ ತಲುಪಿತ್ತು.

ಅನುಭವಿ ಸವಾರನ ಕೈಯಲ್ಲಿ ಸಾಧುವಾಗಿ ಕಂಡ ಕುದುರೆ ಅಂಜುವ ಹೊಸಬನ ಕೈಯಲ್ಲೂ ಹಾಗೇ ಇರುತ್ತದೆಂದು ಆದ್ದರಿಂದ ನಂಬಲಾಗದು. ಮಾರುವವನ ಸವಾರಿ ನೋಡಿ ತೃಪ್ತರಾಗದೆ, ಯಾರು ಸವಾರಿ ಮಾಡಬೇಕೋ ಅವರೇ ಹತ್ತಿ ನೋಡಬೇಕು.

ಸುಮ್ಮನಿರುವುದೆಲ್ಲ ಸಾಧುತನವಲ್ಲ

ಸಂತೆಯಲ್ಲಿ ತಲೆ ತಗ್ಗಿಸಿ ನಿಂತ ಕುದುರೆಗಳೆಲ್ಲ ಸಾಧುವಲ್ಲ. ಮೋಸ ನಡೆಯುವುದು ಇಲ್ಲೇ.

ಮೊದಲನೆಯದು ಮದ್ದು. ಅಸಿಪ್ರೊಮಜೀನ್‌ನಂಥ ಶಾಮಕ ಔಷಧವನ್ನು ಪಶುವೈದ್ಯರು ಚಿಕಿತ್ಸೆಗಾಗಿ ಬಳಸುತ್ತಾರೆ. ಅದನ್ನೇ ಮಾರಾಟದ ದಿನ ಕೊಟ್ಟರೆ ಪುಂಡ ಕುದುರೆಯೂ ಕೆಲವು ಗಂಟೆ ಮೆತ್ತಗಾಗುತ್ತದೆ. ಜೋತುಬಿದ್ದ ಕೆಳತುಟಿ, ಅರೆಮುಚ್ಚಿದ ಕಣ್ಣು, ಎಡವುವ ಹೆಜ್ಜೆ ಕಂಡರೆ ಅನುಮಾನಿಸಬೇಕು.

ಎರಡನೆಯದು ಹಸಿವು ಮತ್ತು ದಣಿವು. ಪಕ್ಕೆಲುಬು ಎಣಿಸುವಂತಿರುವ ಕುದುರೆಗೆ ಕುಣಿಯಲು ಶಕ್ತಿಯೇ ಇರುವುದಿಲ್ಲ. ಎರಡು ತಿಂಗಳು ಹೊಟ್ಟೆ ತುಂಬ ತಿಂದ ಮೇಲೆ ಅದರ ನಿಜ ಸ್ವಭಾವ ಹೊರಬರುತ್ತದೆ. ಗಿರಾಕಿ ಬರುವ ಮುಂಚೆ ಗಂಟೆಗಟ್ಟಲೆ ಓಡಿಸಿ ಸುಸ್ತು ಮಾಡಿ ನಿಲ್ಲಿಸುವುದೂ ಉಂಟು.

ಮೂರನೆಯದು ಎಲ್ಲಕ್ಕಿಂತ ದುಃಖದ್ದು. ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದ ಸಂಶೋಧಕರು ಸವಾರಿ ಶಾಲೆಯ ಕುದುರೆಗಳನ್ನು ಗಮನಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ಕುದುರೆಗಳು ಲಾಯದಲ್ಲಿ ಒಂದು ವಿಚಿತ್ರ ಭಂಗಿಯಲ್ಲಿ ನಿಲ್ಲುತ್ತಿದ್ದವು. ಕಣ್ಣು ತೆರೆದಿದ್ದರೂ ನೋಟ ಅಲುಗದು, ಕಿವಿ ತಿರುಗದು, ಕತ್ತು ಬೆನ್ನಿನ ಮಟ್ಟದಲ್ಲೇ ಚಾಚಿಕೊಂಡಿರುತ್ತಿತ್ತು. ಯಾರಾದರೂ ಬಂದು ಮುಟ್ಟಿದರೂ ಅವು ಉಳಿದ ಕುದುರೆಗಳಷ್ಟು ಸ್ಪಂದಿಸುತ್ತಿರಲಿಲ್ಲ. ಮನುಷ್ಯರ ಖಿನ್ನತೆಗೆ ಹತ್ತಿರವಾದ ಸ್ಥಿತಿ ಇದೆಂದು ಸಂಶೋಧಕರು ಗುರುತಿಸಿದರು. ಹೊರಗಿನವರ ಕಣ್ಣಿಗೆ ಇಂಥ ಕುದುರೆ ಬಹಳ ಸಾಧು. ನಿಜದಲ್ಲಿ ಅದು ಸುತ್ತಲಿನ ಲೋಕದ ಮೇಲಿನ ಆಸಕ್ತಿಯನ್ನೇ ಕಳೆದುಕೊಂಡಿದೆ.

ಅಳತೆ ತಪ್ಪಿದ ಜೀನು ಬೆನ್ನನ್ನು ಒತ್ತುತ್ತಿದ್ದರೆ, ಬಾಯಲ್ಲಿ ಹಲ್ಲಿನ ಚೂಪು ಅಂಚು ಕೆನ್ನೆ ಕೊಯ್ಯುತ್ತಿದ್ದರೆ ಕೆಲವು ಕುದುರೆಗಳು ಒದೆಯುತ್ತವೆ. ಕೆಲವು ನೋವು ನುಂಗಿ ನಡೆಯುತ್ತವೆ. ನುಂಗಿದ ನೋವು ಒಂದು ದಿನ ಸವಾರನನ್ನು ಕೆಳಗೆ ಕೆಡವುತ್ತದೆ.

ನಿಜವಾದ ಸಾಧು ಕುದುರೆ ಚುರುಕಾಗಿರುತ್ತದೆ. ಲಾಯದ ಬಾಗಿಲಿಗೆ ಬಂದು ಹೊಸಬರನ್ನು ಮೂಸುತ್ತದೆ. ಅದರ ಒಂದು ಕಿವಿ ಮುಂದಿನ ದಾರಿಗೆ, ಇನ್ನೊಂದು ಬೆನ್ನ ಮೇಲಿನವರಿಗೆ. ಹೊಸದನ್ನು ಕಂಡರೆ ನಿಂತು ನೋಡುತ್ತದೆ, ಸವಾರ ಧೈರ್ಯ ಹೇಳಿದರೆ ಮುಂದೆ ಹೆಜ್ಜೆ ಇಡುತ್ತದೆ.

■ ಬಾಕ್ಸ್: ಕೊಳ್ಳುವ ಮುನ್ನ ಹೀಗೆ ನೋಡಿ

• ಜೀನು ಬಿಗಿದು ಸಿದ್ಧವಾಗಿ ನಿಲ್ಲಿಸಿದ ಕುದುರೆಯನ್ನು ನೋಡಬೇಡಿ. ಲಾಯದಿಂದ ಕರೆತರುವುದರಿಂದ ಹಿಡಿದು ಜೀನು ಹಾಕುವವರೆಗೆ ಎಲ್ಲವೂ ನಿಮ್ಮ ಮುಂದೆ ನಡೆಯಲಿ.

• ನೀವು ಹೋದಾಗಲೇ ಮೈ ಬಿಸಿಯಾಗಿದೆಯೇ, ಬೆವರು ಒಣಗಿದ ಗುರುತಿದೆಯೇ ಎಂದು ಎದೆ, ಬೆನ್ನು ಮುಟ್ಟಿ ನೋಡಿ.

• ನಾಲ್ಕೂ ಕಾಲೆತ್ತಿ ಗೊರಸು ತೋರಿಸಲು ಹೇಳಿ. ಮಾರುವವರೇ ಮೊದಲು ಹತ್ತಲಿ. ಆಮೇಲೆ ನಿಮ್ಮ ಕಡೆಯವರು.

• ಜೊತೆ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ಹೊರಗೆ ಬರುತ್ತದೆಯೇ? ಬೈಕು, ಲಾರಿ, ನಾಯಿ ಎದುರಾದಾಗ ಏನು ಮಾಡುತ್ತದೆ?

• ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ, ಮುಂಚೆ ಹೇಳದೆ ಮತ್ತೊಮ್ಮೆ ಹೋಗಿ.

• ಒಂದೆರಡು ವಾರ ಪ್ರಯೋಗಕ್ಕೆ ಕೊಡುತ್ತಾರೆಯೇ ಎಂದು ಕೇಳಿ. ಕೊಡುವವರಾದರೆ ಮಾತನ್ನು ಬರಹದಲ್ಲಿ ಇಳಿಸಿಕೊಳ್ಳಿ.

ವೈದ್ಯರ ಕಣ್ಣು, ಹಲ್ಲಿನ ಸಾಕ್ಷಿ

ಸ್ವಭಾವ ಒಪ್ಪಿಗೆಯಾದ ಮೇಲೆ ದೇಹದ ಪರೀಕ್ಷೆ. ವಯಸ್ಸನ್ನು ಹಲ್ಲು ಹೇಳುತ್ತದೆ. ಮುಂದಿನ ಹಾಲುಹಲ್ಲುಗಳು ಎರಡೂವರೆ ವರ್ಷದಿಂದ ಜೋಡಿ ಜೋಡಿಯಾಗಿ ಬಿದ್ದು, ಐದು ವರ್ಷಕ್ಕೆ ಬಾಯಿ ತುಂಬುತ್ತದೆ. ಆಮೇಲೆ ಹಲ್ಲಿನ ಸವೆತ ಲೆಕ್ಕಕ್ಕೆ ಬರುತ್ತದೆ. ಸುಮಾರು ಹತ್ತು ವರ್ಷಕ್ಕೆ ಮೇಲ್ದವಡೆಯ ಮೂಲೆಹಲ್ಲಿನಲ್ಲಿ ಒಂದು ಗೀರು ಮೂಡಿ, ವರ್ಷಗಳು ಕಳೆದಂತೆ ಕೆಳಗಿಳಿಯುತ್ತದೆ. ವಯಸ್ಸಾದ ಕುದುರೆಯಲ್ಲಿ ಇದೆಲ್ಲ ಅಂದಾಜು. ಅಂದಾಜಾದರೂ ‘ಆರು ವರ್ಷ’ ಎಂದು ಹದಿನಾರರ ಕುದುರೆಯನ್ನು ಮಾರುವುದನ್ನು ತಡೆಯಲು ಸಾಕು.

ಬ್ರಿಟನ್ನಿನಲ್ಲಿ ಕುದುರೆ ಕೊಳ್ಳುವ ಮುನ್ನ ಐದು ಹಂತದ ವೈದ್ಯ ಪರೀಕ್ಷೆ ಮಾಡಿಸುವುದು ರೂಢಿ. ನಿಂತಲ್ಲೇ ಕಣ್ಣು, ಹೃದಯ, ಶ್ವಾಸಕೋಶ, ಗೊರಸಿನ ತಪಾಸಣೆ ಮೊದಲನೆಯದು. ನಡೆಸಿ, ಓಡಿಸಿ ಕುಂಟು ನೋಡುವುದು ಎರಡನೆಯದು. ಸವಾರಿ ಮಾಡಿಸಿ ಉಸಿರಾಟ ಆಲಿಸುವುದು ಮೂರನೆಯದು. ವಿಶ್ರಾಂತಿ ಕೊಟ್ಟು ಹೃದಯ ಬಡಿತ ಎಷ್ಟು ಬೇಗ ಇಳಿಯುತ್ತದೆಂದು ನೋಡುವುದು ನಾಲ್ಕನೆಯದು. ಮತ್ತೊಮ್ಮೆ ಓಡಿಸಿ, ದಣಿವಿನ ನಂತರ ಅಡಗಿದ್ದ ಕುಂಟು ಹೊರಬರುತ್ತದೆಯೇ ಎಂದು ನೋಡುವುದು ಕೊನೆಯದು. ಆ ಹೊತ್ತಿನಲ್ಲೇ ರಕ್ತ ತೆಗೆದು ಆರು ತಿಂಗಳು ಕಾಯ್ದಿಡುತ್ತಾರೆ. ಕುದುರೆಯ ಗುಣ ಆಮೇಲೆ ಬದಲಾದರೆ ಮದ್ದು ಕೊಟ್ಟಿದ್ದರೇ ಎಂದು ಆ ರಕ್ತ ಪರೀಕ್ಷಿಸಬಹುದು.

ನಮ್ಮಲ್ಲಿ ಇಷ್ಟು ಕಟ್ಟುನಿಟ್ಟಿನ ರೂಢಿ ಎಲ್ಲ ಕಡೆ ಬಂದಿಲ್ಲ. ಆದರೆ ಕೊಳ್ಳುವವರು ತಮ್ಮದೇ ಪಶುವೈದ್ಯರನ್ನು ಕರೆದೊಯ್ಯಲು ಅಡ್ಡಿಯೇನಿಲ್ಲ. ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆಯಂತೂ ತಪ್ಪಲೇಬಾರದು. ಇದು ಕುದುರೆಯಿಂದ ಮನುಷ್ಯರಿಗೂ ಹರಡುವ, ಜೀವ ತೆಗೆಯಬಲ್ಲ ರೋಗ. ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ರೋಗಗಳ ಪಟ್ಟಿಯಲ್ಲಿದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದರ ಪರೀಕ್ಷೆಗೆ ದೇಶದ ಪ್ರಮುಖ ಪ್ರಯೋಗಾಲಯ.

ರೇಸ್ ಮುಗಿದ ಮೇಲೆ

ಕರ್ನಾಟಕದಲ್ಲಿ ಸವಾರಿ ಕುದುರೆ ಹುಡುಕುವವರ ಮುಂದೆ ಹೆಚ್ಚಾಗಿ ಬಂದು ನಿಲ್ಲುವುದು ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ತಳಿಯ ಕುದುರೆ. ಮೈಸೂರು ರೇಸ್ ಕ್ಲಬ್ 1891ರಿಂದ ಇದೆ. ಬೆಂಗಳೂರು ಟರ್ಫ್ ಕ್ಲಬ್‌ಗೆ ನೂರು ವರ್ಷ ದಾಟಿದೆ. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಿದ ಕುಣಿಗಲ್ ಆಮೇಲೆ ರೇಸ್ ಕುದುರೆಗಳ ತವರಾಯಿತು.

ಈ ಕುದುರೆಗಳು ಎರಡು–ಮೂರು ವರ್ಷಕ್ಕೇ ಕಣಕ್ಕಿಳಿಯುತ್ತವೆ. ಕಾಲಿಗೆ ಪೆಟ್ಟಾದವು, ಗೆಲ್ಲದವು ಐದಾರು ವರ್ಷಕ್ಕೆ ಹೊರಬೀಳುತ್ತವೆ. ಕುದುರೆಯ ಆಯುಸ್ಸು 25ರಿಂದ 30 ವರ್ಷ. ಅಂದರೆ ಬದುಕಿನ ಮುಕ್ಕಾಲು ಪಾಲು ಇನ್ನೂ ಮುಂದಿರುತ್ತದೆ. ಗೆಲ್ಲದ ಕುದುರೆಯನ್ನು ಲಾಯದಲ್ಲಿ ಸಾಕುವುದು ದುಬಾರಿ. ಹಾಗಾಗಿ ಅದು ಕಡಿಮೆ ಬೆಲೆಗೆ ಮಾರಾಟಕ್ಕೆ ಬರುತ್ತದೆ, ಕೆಲವೊಮ್ಮೆ ಬಿಟ್ಟಿಯಾಗಿಯೂ ಸಿಗುತ್ತದೆ.

ಬೆಲೆ ಅಗ್ಗವೆಂದು ಹೊಸಬರು ಕೊಂಡರೆ ಅಪಾಯ. ಲಗಾಮಿನ ಬಿಗಿತಕ್ಕೆ ಮೈಯೊಡ್ಡಿ ಮುನ್ನುಗ್ಗಲು ಅದು ಕಲಿತಿದೆ. ಹೆದರಿದ ಸವಾರ ಲಗಾಮು ಜಗ್ಗಿದಷ್ಟೂ ಅದು ವೇಗ ಹೆಚ್ಚಿಸಬಹುದು. ಜಾಕಿ ಗಿಡ್ಡ ರಿಕಾಪಿನಲ್ಲಿ ಮೇಲೆದ್ದು ನಿಂತಿರುತ್ತಾನೆ. ಹೊಟ್ಟೆಯ ಎರಡೂ ಬದಿ ಕಾಲು ತಾಗಿಸಿ ಜೀನಿನಲ್ಲಿ ಭಾರವಾಗಿ ಕೂರುವ ಸವಾರ ಅದಕ್ಕೆ ಹೊಸಬ.

ಆದರೂ ಇವೇ ಕುದುರೆಗಳು ಒಳ್ಳೆಯ ಸವಾರಿ ಕುದುರೆಗಳಾಗುತ್ತವೆ. ಮೊದಲು ಕೆಲವು ತಿಂಗಳು ಕೆಲಸವಿಲ್ಲದೆ ಬಯಲಲ್ಲಿ ಮೇಯಬೇಕು. ಕಾಳಿನ ಪಾಲು ಇಳಿದು ಹುಲ್ಲಿನ ಪಾಲು ಏರಬೇಕು. ಆಮೇಲೆ ನಿಧಾನ ನಡಿಗೆಯಿಂದ ಪಾಠ ಶುರು. ಜನಜಂಗುಳಿ, ಧ್ವನಿವರ್ಧಕ, ವಾಹನದಲ್ಲಿ ಪ್ರಯಾಣ ಅವಕ್ಕೆ ಮೊದಲೇ ರೂಢಿ. ಗೆಲ್ಡಿಂಗ್ ಎಂದು ಕರೆಯುವ, ಬೀಜ ತೆಗೆಸಿದ ಗಂಡುಗಳು ಸಾಮಾನ್ಯವಾಗಿ ಬೇಗ ಹೊಂದಿಕೊಳ್ಳುತ್ತವೆ. ಅನುಭವಿ ತರಬೇತುದಾರರ ಕೈಯಲ್ಲಿ ಪೂರ್ತಿ ಹೊಸ ಪಾಠ ಕಲಿತ ಮೇಲಷ್ಟೇ ಅಂಥ ಕುದುರೆಯನ್ನು ಹೊಸಬರು ಕೊಳ್ಳುವುದು ಸರಿ.

ನಮ್ಮ ಹುಡುಗರು ಕುದುರೆ ಏರಿ ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಬೆಂಗಳೂರಿನ ಫವಾದ್ ಮಿರ್ಜಾ ಸಾಕ್ಷಿ. 2018ರ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಮತ್ತು ತಂಡ ವಿಭಾಗಗಳಲ್ಲಿ ಬೆಳ್ಳಿ. ಅಶ್ವಾರೋಹಣದಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದದ್ದು 36 ವರ್ಷಗಳ ನಂತರ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೀನ್ಯೂರ್ ಮೆಡಿಕಾಟ್ ಕುದುರೆಯೊಂದಿಗೆ ಫೈನಲ್ ತಲುಪಿ 23ನೇ ಸ್ಥಾನ. ಇವೆಂಟಿಂಗ್ ಎಂಬ ಆ ಸ್ಪರ್ಧೆಯಲ್ಲಿ ಒಂದೇ ಕುದುರೆ ಮೊದಲು ಶಾಂತವಾಗಿ ಹೆಜ್ಜೆಗಾರಿಕೆ ತೋರಬೇಕು, ಆಮೇಲೆ ಕಾಡುಮೇಡಿನ ದಾರಿಯಲ್ಲಿ ಹಳ್ಳ, ದಿಮ್ಮಿ ಹಾರಬೇಕು, ಕೊನೆಗೆ ಅಂಗಳದಲ್ಲಿ ಅಡೆತಡೆ ಬೀಳಿಸದೆ ಜಿಗಿಯಬೇಕು. ಎಲ್ಲ ಕೆಲಸಕ್ಕೂ ಒದಗುವ ಶಕ್ತಿ ಮನಸ್ಸಿನ ಸಮಾಧಾನದ ಮೇಲೆ ನಿಂತಿದೆ ಎಂಬುದನ್ನು ಆ ಸ್ಪರ್ಧೆಯ ನಿಯಮಗಳೇ ಹೇಳುತ್ತವೆ.

ಹತ್ತಿರದಲ್ಲೇ ಇರುವ ಗಟ್ಟಿ ಕುದುರೆ

ಎತ್ತರದ ಕುದುರೆಯೇ ಬೇಕೆಂಬ ಹಟ ಬಿಟ್ಟರೆ ಇನ್ನೊಂದು ದಾರಿ ಇದೆ. ಭೀಮಾ ನದಿಯ ಬಯಲಿನ ಭೀಮಥಡಿ ಅಥವಾ ದಖ್ಖನಿ ಕುದುರೆ ಗಿಡ್ಡ, ಗಟ್ಟಿ, ಅಲ್ಪತೃಪ್ತ. ಒಂದು ಕಾಲದಲ್ಲಿ ಮರಾಠಾ ದಂಡಿನ ಬೆನ್ನೆಲುಬು. ಈಗ ಧನಗರ ಕುರಿಗಾಹಿಗಳ ಜೊತೆ ಮನೆ ಸಾಮಾನು, ಎಳೆ ಕುರಿಮರಿ, ಕೂಸುಗಳನ್ನು ಹೊತ್ತು ಊರೂರು ನಡೆಯುತ್ತದೆ. ಮಕ್ಕಳ ಕೈಯಲ್ಲಿ ಬೆಳೆದ, ಹಗಲೆಲ್ಲ ಕುರಿ, ನಾಯಿ, ರಸ್ತೆಯ ವಾಹನ ನೋಡಿ ಪಳಗಿದ ಜೀವ ಅದು. ಬಹುಕಾಲ ಹೆಸರಿಲ್ಲದೆ ಉಳಿದಿದ್ದ ಇದಕ್ಕೆ ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ.

ಮಾನ್ಯತೆ ಸಿಕ್ಕಿದ್ದು ಒಳ್ಳೆಯ ಹೊತ್ತಿನಲ್ಲೇ. ದೇಶದಲ್ಲಿ 2012ರಲ್ಲಿ ಆರು ಲಕ್ಷಕ್ಕೂ ಹೆಚ್ಚಿದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2019ರ ಜಾನುವಾರು ಗಣತಿಯ ಹೊತ್ತಿಗೆ 3.4 ಲಕ್ಷಕ್ಕೆ ಇಳಿದಿತ್ತು. ಏಳು ವರ್ಷದಲ್ಲಿ ಶೇ 45ಕ್ಕೂ ಹೆಚ್ಚು ಕುಸಿತ. ಕೆಲಸವಿಲ್ಲದ ಪ್ರಾಣಿಯನ್ನು ಬಡವರು ಸಾಕಲಾರರು. ಸವಾರಿ ಕಲಿಸುವ ಶಾಲೆಗಳು, ಪ್ರವಾಸಿ ತಾಣಗಳು ಪಳಗಿದ ದಖ್ಖನಿ ಕುದುರೆಗಳಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳತೊಡಗಿದರೆ ಕುರಿಗಾಹಿಗೂ ಆದಾಯ, ತಳಿಗೂ ಉಳಿವು. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಶೇ 20 ಮೀರಬಾರದು ಎಂಬ ನಿಯಮ ಪಾಲಿಸಿದರೆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗುವುದು ಕಷ್ಟ.

■ ಬಾಕ್ಸ್: ಕೊಂಡ ಮೇಲಿನ ಲೆಕ್ಕ

• ಮೇವು: 450 ಕಿಲೊ ತೂಕದ ಕುದುರೆಗೆ ದಿನಕ್ಕೆ ಸುಮಾರು 10 ಕಿಲೊ ಒಣಮೇವಿನಷ್ಟು ಆಹಾರ ಬೇಕು. ಮುಖ್ಯ ಪಾಲು ಹುಲ್ಲು, ಕುದುರೆ ಮಸಾಲೆ ಸೊಪ್ಪು. ಬೇಯಿಸಿದ ಹುರುಳಿ, ಓಟ್ಸ್ ಕೆಲಸಕ್ಕೆ ತಕ್ಕಷ್ಟು.

• ನೀರು: ದಿನಕ್ಕೆ 25ರಿಂದ 45 ಲೀಟರ್. ಬೇಸಿಗೆಯಲ್ಲಿ ಇನ್ನೂ ಹೆಚ್ಚು.

• ಗೊರಸು: ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಲಾಳ ಬದಲಿಸಬೇಕು.

• ಹೊಟ್ಟೆ: ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆನೋವು ಬಂದರೆ ಅದು ತುರ್ತುಸ್ಥಿತಿ. ತಕ್ಷಣ ಬರುವ ಪಶುವೈದ್ಯರು ಹತ್ತಿರದಲ್ಲಿರಬೇಕು.

• ಜೊತೆ: ಒಂಟಿ ಕುದುರೆ ಕೊರಗುತ್ತದೆ. ಇನ್ನೊಂದು ಕುದುರೆ, ಅದಿಲ್ಲವಾದರೆ ಕತ್ತೆಯೋ ಆಡೋ ಕಣ್ಣಳತೆಯಲ್ಲಿರಲಿ.

ಯಾರು ಕೊಳ್ಳಬೇಕು, ಯಾರು ಕೊಳ್ಳಬಾರದು

ಸವಾರಿ ಕಲಿಯದವರು ಕುದುರೆ ಕೊಳ್ಳಬಾರದು. ಒಂದು ವರ್ಷವಾದರೂ ಒಳ್ಳೆಯ ಶಾಲೆಯಲ್ಲಿ ಕಲಿಯಿರಿ. ಹತ್ತುವುದಷ್ಟೇ ಸಾಲದು, ಲಾಯ ಬಳಿಯುವುದು, ಮೈ ಉಜ್ಜುವುದು, ಗೊರಸು ಕೆರೆದು ಶುಚಿ ಮಾಡುವುದು, ಕುದುರೆ ನೋಡಿಕೊಳ್ಳುವ ಸೈಸ್ ರಜೆ ಹಾಕಿದ ದಿನ ಮೇವು ಹಾಕುವುದು ಎಲ್ಲವೂ ಕೈಗೆ ಬರಲಿ. ಹೊಸ ಸವಾರನಿಗೆ ಎಳೆಯ ಕುದುರೆ ಕೊಡಬೇಡಿ. ಹತ್ತು–ಹದಿನೈದು ವರ್ಷದ, ಲೋಕ ಕಂಡ ಕುದುರೆಯೇ ಅವನಿಗೆ ಗುರು. ಮುಖದ ಬಿಳಿ ಚುಕ್ಕೆ, ಕೂದಲ ಹೊಳಪು ನೋಡಿ ಹೆಚ್ಚು ಹಣ ಕೊಡುವ ಬದಲು ಸ್ವಭಾವಕ್ಕೆ ಹಣ ಕೊಡಿ. ಅದು ದುಬಾರಿಯಾದರೆ ಚೌಕಾಶಿ ಮಾಡುವ ಮುನ್ನ ಒಂದು ಕ್ಷಣ ಯೋಚಿಸಿ. ಆ ಶಾಂತಿಯನ್ನು ಕಟ್ಟಲು ಒಬ್ಬ ಸೈಸ್, ಒಬ್ಬ ತರಬೇತುದಾರ ವರ್ಷಗಳನ್ನು ಕೊಟ್ಟಿರುತ್ತಾರೆ.

ಮಾರುವವರಿಗೂ ಒಂದು ಮಾತು. ಬೆದರುವ ಕುದುರೆಯನ್ನು ಸಾಧು ಎಂದು ಹೇಳಿ ಮಾರಿದರೆ ಬೀಳುವುದು ಒಂದು ಮಗು. ಆಮೇಲೆ ಆ ಕುದುರೆ ಕೈಯಿಂದ ಕೈಗೆ ಹೋಗುತ್ತದೆ, ಪ್ರತಿ ಕೈಯಲ್ಲೂ ಇನ್ನಷ್ಟು ಹೆದರುತ್ತದೆ. ಕುದುರೆಯ ಕುಂದನ್ನು ಇದ್ದಂತೆ ಹೇಳಿ ಮಾರುವವನೇ ಅದಕ್ಕೆ ತಕ್ಕ ಮನೆ ಹುಡುಕಿಕೊಡಬಲ್ಲ. ಮರಳಿ ಕೊಳ್ಳುವ ಮೊದಲ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡು ಮಾರುವ ಪದ್ಧತಿ ನಮ್ಮಲ್ಲೂ ಬೆಳೆಯಲಿ.

ಈ ಚಳಿಗಾಲದಲ್ಲಿ ಕುದುರೆ ನೋಡಲು ಹೊರಟಿದ್ದರೆ ಪಶುವೈದ್ಯರನ್ನೂ, ಕುದುರೆ ಬಲ್ಲ ಒಬ್ಬ ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ. ಇಂದು ಕೊಳ್ಳುವ ಎಂಟು ವರ್ಷದ ಕುದುರೆ ಇನ್ನು ಹದಿನೈದಿಪ್ಪತ್ತು ವರ್ಷ ಬದುಕುತ್ತದೆ, ಅದರಲ್ಲಿ ಕೊನೆಯ ಕೆಲವು ವರ್ಷ ಅದರ ಬೆನ್ನ ಮೇಲೆ ಯಾರೂ ಕೂರಲಾಗದು. ಆ ವರ್ಷಗಳ ಮೇವನ್ನೂ ಲೆಕ್ಕಕ್ಕೆ ಹಿಡಿದು, ಸಾಕುತ್ತೇವೆಂಬ ಧೈರ್ಯವಿದ್ದರೆ ಮಾತ್ರ ಮುಂಗಡ ಕೊಡಿ.